ಮೂರನೇ ಕಲ್ಲಿನಿಂದ ನಾಲ್ಕನೇ ಕಲ್ಲಿಗೆ

ನಮ್ಮ ಸೋದರಮಾವನಿಗೆ ನಡೆಯುವುದಕ್ಕೆ ಬರುತ್ತಿರಲಿಲ್ಲ!

ಹಾಗೆಂದ ಮಾತ್ರಕ್ಕೆ ಕಾಲಿಲ್ಲದವರು ಎಂದು ತಿಳಿಯಬೇಡಿ. ಎರಡೂ ಕಾಲು ಇದ್ದವು, ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಇದ್ದವು. ಅವರಿಗೆ ಬರುತ್ತಿದ್ದದ್ದು ಕೂರುವುದು ಮತ್ತು ಓಡುವುದು, ಎರಡೇ. ನಡುವಿನ ವಿದ್ಯೆಯನ್ನು ಕಲಿಯದೆ ಬಿಟ್ಟುಬಿಟ್ಟಿದ್ದರು. ಐವತ್ತೈದು ದಾಟಿದ ಆ ಮನುಷ್ಯನಿಗೆ ಕಡೆಗೂ ನಡೆಯುವುದನ್ನು ಕಲಿಸಿದವನು ನಾನು. ಎಂಥ ಘನಕಾರ್ಯ! ನೆನೆಸಿಕೊಂಡರೆ ಈಗಲೂ ಮುಖವನ್ನು ಎಲ್ಲಿ ಬಚ್ಚಿಡಲಿ ಅನ್ನಿಸುತ್ತದೆ. ಇರಲಿ, ಮೊದಲು ನಗುವಷ್ಟನ್ನು ನಕ್ಕುಬಿಡೋಣ. ನಾಚಿಕೆ ಎಲ್ಲಿಗೂ ಓಡಿಹೋಗುವುದಿಲ್ಲ.

ಮಾಮ ಟಪಾಲು ಓಡುತ್ತಿದ್ದವರು. ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆಗೆ ಹೋಗುವ ಕಾಗದದ ಚೀಲವನ್ನು ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಈಟಿ ಹಿಡಿದು, ಬರಿಗಾಲಲ್ಲಿ ಆರು ಮೈಲಿ ಓಡಬೇಕು. ಅಲ್ಲಿ ಕಾದಿರುವ ಮುಂದಿನವನಿಗೆ ಚೀಲ ಒಪ್ಪಿಸಿ, ಅವನು ತಂದದ್ದನ್ನು ಹೊತ್ತು ಮತ್ತೆ ಆರು ಮೈಲಿ ವಾಪಸು ಓಡಬೇಕು. ಇಪ್ಪತ್ತು ವರ್ಷ ಹೀಗೆ ಓಡಿದರು. ಆಮೇಲೆ ಆ ದಾರಿಗೆ ಬಸ್ಸು ಬಂತು, ಚೀಲ ಬಸ್ಸು ಹತ್ತಿತು. ಮಾಮ ಈಟಿಯನ್ನು ಸರ್ಕಾರಕ್ಕೆ ಒಪ್ಪಿಸಿದರು, ಓಟವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡರು.

ಇಟ್ಟುಕೊಂಡದ್ದನ್ನು ಬಳಸಬೇಕಲ್ಲ? ಹೊಲಕ್ಕೂ ಓಟ, ಬಾವಿಗೂ ಓಟ, ಬೆಂಕಿಪೊಟ್ಟಣ ತರಲು ಅಂಗಡಿಗೂ ಓಟ. ಊರ ಹಿರಿಯರೊಬ್ಬರು ತೀರಿಕೊಂಡಾಗ ಮಾಮನೂ ಹೆಣದ ಹಿಂದೆ ಹೊರಟರು. ಹೊರಟದ್ದೇನೋ ಹಿಂದೆಯೇ! ಸ್ವಲ್ಪ ಹೊತ್ತಿಗೆ ನೋಡಿದರೆ ಆಸಾಮಿಯ ಪತ್ತೆಯಿಲ್ಲ. ಮೆರವಣಿಗೆ ಅರ್ಧ ದಾರಿಗೆ ಬರುವ ಹೊತ್ತಿಗೆ ಮಾಮ ಸ್ಮಶಾನ ಮುಟ್ಟಿ, ಕಾದು ಕಾದು ಬೇಸತ್ತು, ಎದುರಿಗೆ ಓಡಿ ಬರುತ್ತಿದ್ದರು.

"ಯಾಕ್ರೋ ಇಷ್ಟು ಹೊತ್ತು?" ಎಂದು ಎಲ್ಲರನ್ನೂ ಗದರಿದರು. ಹೆಣವನ್ನೂ ಸೇರಿಸಿಯೇ ಗದರಿದಂತಿತ್ತು.

ಅತ್ತೆ ಹೇಳುತ್ತಿದ್ದದ್ದು ಇನ್ನೊಂದು ಕಥೆ. "ಮದುವೇಲಿ ಚಪ್ಪರದ ಕಂಬ ಸುತ್ತುವಾಗ ನನ್ನ ಸೆರಗಿನ ಗಂಟೇ ಬಿಚ್ಚೋಯ್ತು ಕಣಪ್ಪ. ನಾನು ಒಂದು ಸುತ್ತು ಮುಗಿಸೋಷ್ಟರಲ್ಲಿ ನಿಮ್ಮ ಮಾಮ ಮೂರು ಮುಗಿಸಿ, ಊಟದ ಎಲೆ ಮುಂದೆ ಕೂತಿದ್ರು!"

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರಲ್ಲ, ಆಗಂತೂ ಮಾಮನಿಗೆ ಸುಗ್ಗಿ. ಏರು ಬಂದರೆ ಬಸ್ಸು ಕೆಮ್ಮುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ಅಂಥ ಒಂದು ಏರಿನಲ್ಲಿ ಪಕ್ಕದಲ್ಲೇ ಓಡುತ್ತಿದ್ದ ಮಾಮನನ್ನು ಬಸ್ಸು ಹತ್ತಲು ಕಂಡಕ್ಟರು ಕರೆದ. ಅವನು ರಾಯಲ್ಪಾಡಿನವನು, ಬಾಯಿ ಬಿಟ್ಟರೆ ತೆಲುಗು.

"ಎಕ್ಕಯ್ಯಾ ಪೆದ್ದಾಯನಾ, ಎಕ್ಕು!"

"ನಾಕು ಅರ್ಜೆಂಟು ಉಂದಿ. ಮೀರು ನಿದಾನಂಗಾ ರಾಂಡಿ," ಅಂದರು ಮಾಮ. ನನಗೆ ಅವಸರದ ಕೆಲಸವಿದೆ, ನೀವು ನಿಧಾನವಾಗಿ ಬನ್ನಿ! ಬಸ್ಸು ಮುಂದಿನ ನಿಲ್ದಾಣ ಮುಟ್ಟಿದಾಗ ಮಾಮ ಮೈಲಿಗಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರಂತೆ.

ಇಷ್ಟೇ ಆಗಿದ್ದರೆ ಊರಿಗೊಬ್ಬ ಹುಚ್ಚಪ್ಪ ಎಂದು ಎಲ್ಲರೂ ಸುಮ್ಮನಿರುತ್ತಿದ್ದರು. ಆದರೆ ಮಾಮನ ಬಳಿ ಒಂದು ಚೀಟಿ ಇತ್ತು. ಬಿದಿರ ಕೊಳವೆಯಲ್ಲಿ ಸುರುಳಿ ಸುತ್ತಿ ಸೂರಿಗೆ ಸಿಕ್ಕಿಸಿದ್ದ ಚೀಟಿ. ಹಿಂದೊಮ್ಮೆ ಟಪಾಲು ಓವರ್‌ಸಿಯರು ಕುದುರೆಯ ಮೇಲೆ ತನಿಖೆಗೆ ಬಂದಾಗ, ತಮಾಷೆಗೆಂದು ಜೇಬಿನ ಗಡಿಯಾರ ತೆಗೆದು, ಮೂರನೇ ಮೈಲಿಗಲ್ಲಿನಿಂದ ನಾಲ್ಕನೆಯದಕ್ಕೆ ಮಾಮನ ಪಕ್ಕದಲ್ಲೇ ಕುದುರೆ ಓಡಿಸಿದ್ದರು. ನಾಲ್ಕನೇ ಕಲ್ಲು ಇದ್ದದ್ದು ನಮ್ಮ ಊರ ಬಾಗಿಲಲ್ಲೇ. 'ಚೀಲ ಸಮೇತ ಒಂದು ಮೈಲಿ, ಐದೂವರೆ ನಿಮಿಷ' ಎಂದು ಬರೆದು ರುಜು ಹಾಕಿಕೊಟ್ಟಿದ್ದರು. ಓದಲು ಬಾರದ ಮಾಮ ಅದನ್ನು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು.

ನಾನು ಆಗ ಕೋಲಾರದಲ್ಲಿ ಹೈಸ್ಕೂಲು ಓದುತ್ತಿದ್ದೆ. ನಾನೂ ಓಡುತ್ತಿದ್ದೆ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು! ರಜೆಗೆ ಬಂದಾಗ ಪತ್ರಿಕೆ ತಂದು ಮಾಮನಿಗೆ ಓದಿ ಹೇಳಿದೆ: ಯಾವುದೋ ಚಳಿದೇಶದವನೊಬ್ಬ ನಾಲ್ಕು ನಿಮಿಷದ ಮೇಲೆ ಎರಡೋ ಮೂರೋ ಸೆಕೆಂಡಿನಲ್ಲಿ ಮೈಲಿ ಓಡಿದನಂತೆ, ಹಿಂದಿನವರನ್ನೆಲ್ಲ ಮೀರಿಸಿದನಂತೆ.

"ಚೀಲ ಎಷ್ಟು ತೂಕ?" ಕೇಳಿದರು ಮಾಮ.

"ಚೀಲ ಇಲ್ಲ ಮಾಮ. ಬರೀ ಓಡೋದು."

"ಚೀಲ ಇಲ್ವಾ? ಹಂಗಾದ್ರೆ ಅಲ್ಲಿಗೆ ಹೋಗಿ ಏನು ಕೊಟ್ಟ?"

"ಏನೂ ಕೊಡಲ್ಲ. ಮೊಳೆ ಇರೋ ಶೂ ಹಾಕ್ಕೊಂಡು ಬಯಲಲ್ಲಿ ನಾಲ್ಕು ಸುತ್ತು ಓಡ್ತಾರೆ ಅಷ್ಟೇ."

"ಓಡಿ?"

"ಹೊರಟ ಜಾಗಕ್ಕೇ ಬರ್ತಾರೆ."

ಮಾಮ ನನ್ನ ಮುಖವನ್ನೇ ದಿಟ್ಟಿಸಿದರು. "ಕಾಲಿಗೆ ಲಾಳ, ಸುತ್ತೋದು ಅಲ್ಲಲ್ಲೇ. ನಮ್ಮ ಗಾಣದ ಎತ್ತು ಈ ಪತ್ರಿಕೇಗೆ ಯಾಕೆ ಬರಲಿಲ್ಲ?"

ಆದರೂ ಅದು ಮನಸ್ಸನ್ನು ಕೊರೆಯಿತೆಂದು ಕಾಣುತ್ತದೆ. ಬಳಪ ತರಿಸಿದರು. ಆ ಸಾಹೇಬನನ್ನೂ ತಮ್ಮನ್ನೂ ಒಂದೇ ತಕ್ಕಡಿಗೆ ಹಾಕುವ ಕೆಲಸ ನನ್ನದು. ಐದೂವರೆ ನಿಮಿಷದಲ್ಲಿ ಚೀಲಕ್ಕೆ ಮೂವತ್ತು ಸೆಕೆಂಡು ಕಳೆ, ಈಟಿಗೆ ಐದು, ಬರಿಗಾಲು ಮತ್ತು ಜಾಲಿಮುಳ್ಳಿಗೆ ಹತ್ತು, ಆಗತಾನೆ ಉಂಡ ಮುದ್ದೆಗೆ ಹದಿನೈದು, 'ನಮಗೇನಾದ್ರೂ ಕಾಗದ ಬಂತಾ' ಎಂದು ಅಡ್ಡ ನಿಂತು ಕೇಳಿದವರಿಗೆ ಮೂವತ್ತು. ಉಳಿದದ್ದು ಸರಿಯಾಗಿ ನಾಲ್ಕು ನಿಮಿಷ! ಸಾಹೇಬ ಎರಡೋ ಮೂರೋ ಸೆಕೆಂಡು ಹಿಂದೆ!

"ಏರಿಗೆ ಕಳೆಯೋದು ಬೇಡ್ವಾ ಮಾಮ? ಆಗ ರಸ್ತೆ ಕೆರೆ ಏರಿ ಸುತ್ತಿ ಬರ್ತಿತ್ತಲ್ಲ?"

"ಅದಕ್ಕೆ ಯಾಕೆ ಕಳೀತೀಯ? ಸುತ್ತಿ ಬಂದ್ರೂ ಮೈಲಿ ಮೈಲೀನೇ. ಅಂದಹಾಗೆ ಆವತ್ತು ಪೊದೇಲಿ ಕರಡಿ ಗುರುಗುಟ್ಟಿತ್ತು, ಅದ್ರಿಂದ ನನಗೆ ಎರಡು ಸೆಕೆಂಡು ಲಾಭ. ಅದನ್ನ ಕೂಡು. ಮೋಸ ಮಾಡಬಾರದು."

ಕರಡಿಯ ಸಹಾಯವನ್ನೂ ಲೆಕ್ಕಕ್ಕೆ ಹಿಡಿದ ಮನುಷ್ಯನನ್ನು ನಾನು ಸುಳ್ಳುಗಾರ ಅಂದೆ. ಇಲ್ಲಿಂದ ಮುಂದೆ ನಗು ಕಡಿಮೆ.

ಅಂದದ್ದು ಅರಳಿಕಟ್ಟೆಯಲ್ಲಿ, ಹತ್ತು ಜನರ ಎದುರಿಗೆ. ಗೌನಿಪಲ್ಲಿಯ ನೆಂಟರ ಮನೆಗೆ ಹೊರಟಿದ್ದ ನಮ್ಮ ಡ್ರಿಲ್ ಮೇಷ್ಟ್ರು ಅಲ್ಲಿ ಇಳಿದು ಕೂತಿದ್ದರು. ಮಾಮ ಅವರಿಗೂ ಚೀಟಿ ತೋರಿಸಿದರು. ಶೂ ಇಲ್ಲದ ಈ ಮನುಷ್ಯ ನನ್ನ ಮೇಷ್ಟ್ರ ಮುಂದೆ ನನಗಿಂತ ದೊಡ್ಡ ಓಟಗಾರ ಎನ್ನಿಸಿಕೊಳ್ಳುವುದು ನನಗೆ ಹಿಡಿಸಲಿಲ್ಲ.

"ಹಳೇ ಕಾಲದೋರದ್ದೆಲ್ಲ ಬರೀ ಬೊಗಳೆ ಸಾರ್. ಆ ಗಡಿಯಾರ ನಿಂತುಹೋಗಿತ್ತೋ ಏನೋ. ಅದೇ ಕಲ್ಲಿಂದ ಅದೇ ಕಲ್ಲಿಗೆ ನಾನು ಓಡ್ತೀನಿ, ನೀವೇ ನೋಡಿ!"

ಜನ ಹೋ ಎಂದರು. ಮೇಷ್ಟ್ರ ಹತ್ತಿರ ಸ್ಟಾಪ್ ವಾಚು ಇತ್ತು. ಮಾಮ ಮಾತ್ರ ತಲೆ ಕೆರೆದುಕೊಂಡು, "ಕಲ್ಲಿನ ತನಕ ಬೇಡ ಕಣೋ. ಕಲ್ಲು ದಾಟಿ ಆ ಹೊಂಗೆ ಮರ ಇದೆಯಲ್ಲ, ಅಲ್ಲೀತನಕ ಓಡು," ಅಂದರು.

"ನೋಡಿದ್ರಾ! ಸೋಲ್ತೀನಿ ಅಂತ ಗೊತ್ತಾಗಿ ದಾರಿ ಉದ್ದ ಮಾಡ್ತಿದ್ದಾರೆ!" ಎಂದು ಕೂಗಿದೆ. ಎಲ್ಲರೂ ನಕ್ಕರು.

ಮಾರನೆಯ ಬೆಳಗ್ಗೆ ನಾಲ್ಕನೇ ಕಲ್ಲಿನ ಹತ್ತಿರ ಇಡೀ ಊರು ಸೇರಿತ್ತು. ಮೂರನೇ ಕಲ್ಲಿನಿಂದ ಹೊರಟೆ, ಮೇಷ್ಟ್ರು ಪಕ್ಕದಲ್ಲಿ ಸೈಕಲ್ಲು ತುಳಿಯುತ್ತ ಬಂದರು. ಐದು ನಿಮಿಷ ಹತ್ತು ಸೆಕೆಂಡು! ಹುಡುಗರು ನನ್ನನ್ನು ಎತ್ತಿ ಕುಣಿಸಿದರು. ನಮ್ಮಮ್ಮ ಜನರ ನಡುವೆ ನುಗ್ಗಿ ಬಂದು ದೃಷ್ಟಿ ತೆಗೆದಳು. ಮಾಮ ನಿಧಾನಕ್ಕೆ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ, "ಈ ಕಾಲದ ಹುಡುಗ್ರೇ ಗಟ್ಟಿ ಕಣ್ರಪ್ಪ. ನಾನು ಸೋತೆ," ಅಂದರು.

ಅಂದು ಮನೆಗೆ ನಡೆದುಕೊಂಡು ಹೋದರು.

ಅಲ್ಲಿಂದಾಚೆಗೆ ನಡೆಯುತ್ತಲೇ ಇದ್ದರು. ಹೊಲಕ್ಕೆ ನಡಿಗೆ, ಬಾವಿಗೆ ನಡಿಗೆ. "ಏನು ಮಾಮ, ಚಕ್ರ ಕಳಚಿಬಿತ್ತಾ?" ಎಂದು ಪಡ್ಡೆಗಳು ಕೇಳಿದರೆ ನಕ್ಕು ಮುಂದೆ ನಡೆಯುತ್ತಿದ್ದರು. ಬಿದಿರ ಕೊಳವೆ ಸೂರಿನಿಂದ ಕೆಳಗಿಳಿಯಲಿಲ್ಲ. ನನ್ನೊಡನೆ ಆಡಿದ್ದು ಒಂದೇ ಮಾತು: "ಕೋಲಾರದಲ್ಲಿ ಓಡೋ ಮುಂಚೆ ದಿನಾ ಹೊಂಗೆ ಮರದ ತನಕ ಓಡಿ ರೂಢಿ ಮಾಡ್ಕೊಳಪ್ಪ." ಹೊಟ್ಟೆಕಿಚ್ಚು ಎಂದುಕೊಂಡೆ.

ಕೋಲಾರದಲ್ಲಿ ಜಿಲ್ಲೆಯ ಆಟೋಟ. ಮೇಷ್ಟ್ರು ನನ್ನ ಸಮಯವನ್ನು ಊರೆಲ್ಲ ಸಾರಿದ್ದರು. ಅಳೆದು ಸುಣ್ಣದ ಗೆರೆ ಹಾಕಿದ ಮೈದಾನದಲ್ಲಿ ನಾಲ್ಕು ಸುತ್ತು ಓಡಬೇಕು. ಕೊನೆಯ ಅರ್ಧ ಸುತ್ತಿಗೆ ನನ್ನ ಕಾಲು ನನ್ನದಾಗಿರಲಿಲ್ಲ. ಆರು ಜನರಲ್ಲಿ ಐದನೆಯವನಾದೆ. ಆರನೆಯವನು ಮಧ್ಯದಲ್ಲೇ ಬಿದ್ದಿದ್ದ. ಐದು ನಿಮಿಷ ಐವತ್ತೆರಡು ಸೆಕೆಂಡು! ಮೇಷ್ಟ್ರು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ತಲೆ ಎತ್ತಿದರೆ ಎದುರಿಗೆ ಮಾಮ, ಕೈಯಲ್ಲಿ ಮಜ್ಜಿಗೆಯ ಚೊಂಬು. ಹೇಗೆ ಬಂದಿರಿ ಎಂದರೆ, "ಬಸ್ಸಲ್ಲಿ," ಅಂದರು. ಬಸ್ಸಲ್ಲಿ! ಆ ಒಂದು ಮಾತೇ ನನಗೆ ಬುದ್ಧಿ ಕಲಿಸಬೇಕಿತ್ತು. ಕಲಿಸಲಿಲ್ಲ. ಸುತ್ತ ನಿಂತ ಸಹಪಾಠಿಗಳ ಮುಂದೆ ಮುಖ ಉಳಿಸಿಕೊಳ್ಳಲು, "ಎಲ್ಲಾ ಈ ಮಾಮನಿಂದ. ಇವರ ಹಳೇ ಕಾಲದ ಓಟ ನೋಡಿ ಬೆಳೆದು ಕೆಟ್ಟೆ," ಅಂದೆ.

"ಹೌದು ಕಣಪ್ಪ. ತಪ್ಪು ನಂದೇ," ಅಂದರು ಮಾಮ. ಮಜ್ಜಿಗೆ ಕುಡಿಸಿಯೇ ಹೋದರು.

ನಾಲ್ಕು ವರ್ಷ ಕಳೆಯಿತು. ನಾನು ಓಟ ಬಿಟ್ಟು ಊರಲ್ಲೇ ಮೇಷ್ಟ್ರಾದೆ. ಒಂದು ಬೇಸಿಗೆ ನಮ್ಮ ರಸ್ತೆಗೆ ಜಲ್ಲಿ ಹಾಕಲು ಮುಳಬಾಗಿಲಿನ ಕಡೆಯ ಮೇಸ್ತ್ರಿಯೊಬ್ಬ ಬಂದ. ಅಳತೆ ಬರೆದುಕೊಳ್ಳಲು ನನ್ನ ಸಹಾಯ ಕೇಳಿದ. ಎಂಬತ್ತು ಸರಪಳಿಗೆ ಒಂದು ಮೈಲಿ. ಮೂರನೇ ಕಲ್ಲಿನಿಂದ ಆಳುಗಳು ಸರಪಳಿ ಎಳೆಯುತ್ತ ಹೊರಟರು, ನಾನು ಎಣಿಸುತ್ತ ಬಂದೆ. ಎಪ್ಪತ್ತೊಂದಕ್ಕೆ ನಾಲ್ಕನೇ ಕಲ್ಲು ಸಿಕ್ಕಿಬಿಟ್ಟಿತು.

"ಲೆಕ್ಕ ತಪ್ಪಿದೆ," ಅಂದೆ.

"ಇಲ್ಲ ಸಾಮಿ, ಸರಿಯಾಗೇ ಇದೆ," ಅಂದ ಮೇಸ್ತ್ರಿ. "ಮೊದಲು ದಾರಿ ಕೆರೆ ಏರಿ ಸುತ್ತಿ ಬರ್ತಿತ್ತಲ್ವಾ? ಬಸ್ಸು ಬರೋವಾಗ ನೆಟ್ಟಗೆ ಮಾಡಿದ್ರು. ಮೈಲಿ ಗಿಡ್ಡ ಆಯ್ತು. ಈ ಕಲ್ಲು ಸರಿಸಿದ್ರೆ ರಾಯಲ್ಪಾಡು ತನಕ ಎಲ್ಲಾ ಕಲ್ಲೂ ಸರಿಸಬೇಕು, ಯಾರು ಕೀಳ್ತಾರೆ? ಹಂಗೇ ಬಿಟ್ರು."

ರಸ್ತೆ ನೇರವಾದದ್ದು ಊರಿಗೆಲ್ಲ ಗೊತ್ತಿತ್ತು. ಕಲ್ಲು ಕದಲದೆ ನಿಂತದ್ದೂ ಎಲ್ಲರ ಕಣ್ಣೆದುರಿಗೇ ಇತ್ತು. ಇವೆರಡನ್ನೂ ಕೂಡಿಸಿ ನೋಡಿದವರು ಒಬ್ಬರೇ. ನಾನಂತೂ 'ಏರಿ ಸುತ್ತಿ' ಎಂದು ನನ್ನ ಬಾಯಿಂದಲೇ ಆಡಿದ್ದೆ! "ಎಳೀರಪ್ಪ, ಎಂಬತ್ತು ಆಗೋವರೆಗೂ ಎಳೀರಿ," ಅಂದೆ. ಎಪ್ಪತ್ತೆರಡು, ಎಪ್ಪತ್ಮೂರು... ಎಂಬತ್ತನೇ ಸರಪಳಿ ಹೊಂಗೆ ಮರದ ಬೇರಿಗೆ ಬಂದು ನಿಂತಿತು.

ನೇರ ಮಾಮನ ಮನೆಗೆ ಹೋದೆ. ಜಗಲಿಯಲ್ಲಿ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದರು.

"ಮಾಮ, ಹೊಂಗೆ ಮರ..." ಅಂದೆ.

"ಅಳೆದ್ರಾ? ಸರಿಯಾಗಿತ್ತಾ?" ಎಂದು ಆಸೆಯಿಂದ ಕೇಳಿದರು. "ನಾನು ಹೆಜ್ಜೆ ಲೆಕ್ಕದಲ್ಲಿ ಹೇಳಿದ್ದು. ಇಪ್ಪತ್ತು ವರ್ಷ ಓಡಿದ ಕಾಲು, ಗೊತ್ತಾಗುತ್ತೆ."

"ಆವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ಮಾಮ?"

ಮಾಮ ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು. "ನಾನು ಊರಿಗೆ ಬಂದಾಗೆಲ್ಲ ಜನ ಚೀಲ ನೋಡ್ತಿದ್ರು ಕಣೋ. ಹೊತ್ತೋನ ಮುಖ ಯಾರೂ ನೋಡಿದ್ದಿಲ್ಲ. ನಮ್ಮನೇ ಹುಡುಗನ ಮುಖ ನೋಡಿ ಊರಿಗೆ ಊರೇ ಕುಣಿದದ್ದು ಅದೇ ಮೊದಲು. ನಿಮ್ಮಮ್ಮ ಬೇರೆ ದೃಷ್ಟಿ ತೆಗೀತಿದ್ಲು. ಅದನ್ನ ಹೆಂಗೆ ಕಿತ್ಕೊಳ್ಳಲಿ? ಆದ್ರೆ ಕೋಲಾರಕ್ಕೆ ಹೋಗೋ ಮುಂಚೆ ನಿನ್ನ ಕಿವಿ ಹಿಂಡಿಯಾದ್ರೂ ಹೇಳಬೇಕಿತ್ತು. ಆ ತಪ್ಪು ನಂದೇ."

ಆ ನಾಲ್ಕು ವರ್ಷ ಅವರು ಅದನ್ನು ತಮ್ಮ ತಪ್ಪೆಂದು ಹೊತ್ತುಕೊಂಡಿದ್ದರು! ಊರವರಿಗೆಲ್ಲ ನಿಜ ಹೇಳುತ್ತೇನೆ ಎಂದೆ. "ಬಿಡೋ, ಈಗ್ಯಾಕೆ," ಅಂದರು. ಬಿಡು ಅಂದರಲ್ಲ ಎಂದು ಒಳಗೊಳಗೇ ನನಗೆ ಸಮಾಧಾನವಾಯಿತು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಮೇಷ್ಟ್ರಾಗಿ ಗಳಿಸಿದ ಮರ್ಯಾದೆಗೆ ಹೆದರಿ ಬಾಯಿ ಬಿಡಲೇ ಇಲ್ಲ. ಊರವರು ಇಂದಿಗೂ ಗೆದ್ದವನು ನಾನೇ ಅಂದುಕೊಂಡಿದ್ದಾರೆ. ಇಲ್ಲ, ಗೆದ್ದವರು ನಮ್ಮ ಮಾಮ. ಹೇಳಿದ್ದೇನೆ ಈಗ.

ಅಂದು ಮಾಮ ಕೈ ಒರೆಸಿಕೊಂಡು ಎದ್ದರು. "ನಡಿ. ನೀನು ಓಡದೆ ಬಿಟ್ಟದ್ದು ಒಂದಿಷ್ಟು ಇದೆಯಲ್ಲ, ಮುಗಿಸಿಬಿಡು."

ನಾಲ್ಕನೇ ಕಲ್ಲಿನ ಪಕ್ಕದಲ್ಲಿ ಇಬ್ಬರೂ ನಿಂತೆವು. ಮಾಮ ಪಂಚೆ ಎತ್ತಿ ಕಟ್ಟಿದರು. ನಾಲ್ಕು ವರ್ಷದಿಂದ ನಡೆಯುತ್ತಲೇ ಇದ್ದ ಆ ಉದ್ದನೆಯ ಕಾಲುಗಳು ಒಮ್ಮೆಗೇ ಓಟ ಕಿತ್ತವು ನೋಡಿ! ನನ್ನ ಕಣ್ಣು ಮಂಜಾಗಿ ದಾರಿಯೇ ಕಾಣಲಿಲ್ಲ. ನಾನು ಇನ್ನೂ ಅರ್ಧದಲ್ಲಿ ಏದುಸಿರು ಬಿಡುವಾಗ ಅವರು ಹೊಂಗೆ ಮರ ಮುಟ್ಟಿ, ಎದುರಿಗೆ ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡರು.

"ಯಾಕ್ಲಾ ಇಷ್ಟು ಹೊತ್ತು?"

"ನಾಲ್ಕು ವರ್ಷ ಆಯ್ತು ಮಾಮ," ಅಂದೆ.