ಇಲಿಯ ಲಿವರೂ ಇನ್‌ಫ್ರಾರೆಡ್ ಬೆಳಕೂ

ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರ ಬಾಳಿನಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಪರೇಲಿನ ಲ್ಯಾಬಿನಲ್ಲಿ ಟೆಕ್ನೀಶಿಯನ್ ಆಗಿರುವ ನನಗಂತೂ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಈ ಮೂರು ಫಜೀತಿಗೆ ಕಾರಣ ಕಾಂದಿವಲಿಯಿಂದ ಬರುವ ನಮ್ಮ ಪಿಎಚ್‌ಡಿ ಹುಡುಗಿ.

೧. ಬಣ್ಣ

ಅವಳ ವಿಷಯ ಇಲಿಯ ಲಿವರಿನಲ್ಲಿ ಕೊಬ್ಬು ಎಲ್ಲೆಲ್ಲಿ ಕೂರುತ್ತದೆ ಎಂಬುದು. ಅದನ್ನು ನೋಡಲು ಇಂದೋರಿನ ಸಿಂಕ್ರೋಟ್ರಾನ್ ಯಂತ್ರವೇ ಬೇಕಂತೆ. ಅದರ ಇನ್‌ಫ್ರಾರೆಡ್ ಬೆಳಕು ಬಣ್ಣ ಹಾಕದೆಯೇ ಜೀವಕೋಶದ ಕೊಬ್ಬು, ಪ್ರೋಟೀನು ಎಲ್ಲವನ್ನೂ ತೋರಿಸುತ್ತದೆ.

"ಆಂಟಿ, ತೆಳ್ಳಗೆ ಕಟ್ ಮಾಡಿ ಈ ಹರಳಿನ ಬಿಲ್ಲೆ ಮೇಲೆ ಇಡಿ, ಬಸ್, ಅಷ್ಟೇ. ಬಣ್ಣ ಬೇಡ," ಎಂದು ನಾಲ್ಕು ಸಲ ಹೇಳಿದಳು. ನಾನೂ ನಾಲ್ಕು ಸಲ ತಲೆಯಾಡಿಸಿದೆ. ಆದರೆ ಮೂವತ್ತು ವರ್ಷ ಬಣ್ಣ ಹಾಕಿದ ಕೈ, ಹುಟ್ಟುಗುಣ ಸುಟ್ಟರೂ ಹೋಗದು. ಸಂಜೆ ಅವಳು ಬಂದಾಗ ಆರೂ ಬಿಲ್ಲೆ ಗುಲಾಬಿ, ನೇರಳೆ.

"ಚಂದ ಬಂದಿದೆಯಲ್ಲ?" ಎಂದು ಬೇರೆ ಕೇಳಿದೆ!

೨. ಡಬ್ಬಿ

ಲಿವರ್ ಇನ್ನೂ ಉಳಿದಿತ್ತು, ಪುಣ್ಯ. ಹೊಸ ಬಿಲ್ಲೆಗಳನ್ನು ಮಿಠಾಯಿ ಡಬ್ಬಿಯಲ್ಲಿಟ್ಟುಕೊಂಡು ಇಬ್ಬರೂ ಇಂದೋರಿನ ರೈಲು ಹತ್ತಿದೆವು. ಎದುರು ಸೀಟಿನ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದರು.

"ಸ್ವೀಟಾ?"

"ಇಲ್ಲ, ಇಲಿಯ ಲಿವರ್," ಎಂದಳು ನಮ್ಮ ಸತ್ಯವಂತೆ.

ಆಕೆ ತಮ್ಮ ಥೇಪ್ಲಾ ರೊಟ್ಟಿಯ ಡಬ್ಬಿಯನ್ನು ಸರಕ್ಕನೆ ಹಿಂದೆಳೆದುಕೊಂಡರು. ಆಮೇಲೆ ಮುಂದೆ ಬಾಗಿ, "ನಮ್ಮ ಬಿಲ್ಡಿಂಗಿನಲ್ಲಿ ಬೇಕಾದಷ್ಟಿವೆ. ಅಡ್ರೆಸ್ ಬರ್ಕೊಳ್ಳಿ," ಎಂದರು.

೩. ಗೆರೆ

ಒಂದು ವರ್ಷ ಕಾದಿದ್ದಕ್ಕೆ ಅವಳಿಗೆ ಯಂತ್ರ ಸಿಕ್ಕಿದ್ದು ಎರಡೇ ದಿನ. ಮೊದಲ ಬಿಲ್ಲೆಯಲ್ಲೇ, ಇದುವರೆಗೆ ಯಾರೂ ಕಾಣದ ಜಾಗದಲ್ಲಿ, ಕೊಬ್ಬು ಪರದೆಯ ಮೇಲೆ ಕೆಂಪಗೆ ಹೊಳೆಯಿತು.

"ಆಂಟಿ, ಮೇರಾ ಥೀಸಿಸ್!" ಎಂದು ಕುಣಿದಳು.

ನಾನು ಪರದೆಯ ಹತ್ತಿರ ಬಗ್ಗಿ ನೋಡಿದೆ. ಆ ಕೆಂಪು ಇದ್ದದ್ದು ಬಿಲ್ಲೆ ಹಿಡಿಯುವಾಗ ನನ್ನ ಹೆಬ್ಬೆರಳು ತಾಗುವ ಅಂಚಿನಲ್ಲೇ. ಆ ಬಿಲ್ಲೆ ಎತ್ತಿಡುವಾಗ ನನ್ನ ಕೈಗವಸು ಹರಿದಿತ್ತು, ಅದೇ ಕೈಯಲ್ಲಿ ತುರುಬನ್ನೂ ಸರಿಮಾಡಿಕೊಂಡಿದ್ದೆ.

"ನನ್ನ ತಲೆಯೆಣ್ಣೆ ಇರಬಹುದು ಸರ್. ತೆಂಗಿನೆಣ್ಣೆ. ನಾದಿನಿ ಊರಿನ ಗಾಣದಿಂದ ಕಳಿಸುವುದು, ಅಪ್ಪಟ," ಎಂದೆ ಯಂತ್ರದ ಉಸ್ತುವಾರಿಯ ವಿಜ್ಞಾನಿಗೆ.

ಅವರು ನಕ್ಕು, ಪರದೆಯ ಗ್ರಾಫಿನಲ್ಲಿ ಒಂದು ಗೆರೆ ತೋರಿಸಿದರು. "ತೆಂಗಿನೆಣ್ಣೆಯಲ್ಲಿ ಈ ಗೆರೆ ಇಷ್ಟು ಮೇಲೆ ಏಳುವುದಿಲ್ಲ. ಇದು ಬೇರೆ ಕೊಬ್ಬು."

ಹುಡುಗಿಯ ಕಣ್ಣಲ್ಲಿ ಆನಂದದ ನೀರು. ಸುಮ್ಮನಿದ್ದುಬಿಡಬಹುದಿತ್ತು. ಮನಸ್ಸು ಕೇಳಲಿಲ್ಲ, ನಾಳೆ ಯಾರಾದರೂ ಈ ಮಗುವನ್ನು ಸುಳ್ಳಿ ಎಂದರೆ? ಬೆರಳನ್ನು ತಲೆಗೆ ಉಜ್ಜಿ ಖಾಲಿ ಬಿಲ್ಲೆಗೆ ಒತ್ತಿದೆ. "ಇದನ್ನೂ ನೋಡಿ ಸರ್."

ಅದೇ ಗೆರೆ, ಅಷ್ಟೇ ಎತ್ತರ.

ಹುಡುಗಿ ಪರದೆಗೆ ಬೆನ್ನು ಹಾಕಿ ಕೂತಳು. ನನಗೆ ಅಳುವೇ ಬಂತು. "ತಪ್ಪಾಯ್ತು ಮಾರಾಯ್ತಿ," ಎಂದೆ.

ಅವಳು ಕಣ್ಣೊರೆಸಿಕೊಂಡು, "ಬಿಡಿ ಆಂಟಿ. ಬಚ್ ಗಯೀ, ಉಳ್ಕೊಂಡೆ. ಎಕ್ಸಾಮಿನರ್ ಹಿಡಿದಿದ್ರೆ?" ಎಂದು ನನ್ನ ಕೈ ಹಿಡಿದಳು. ಉಳಿದ ಐದೂ ಬಿಲ್ಲೆ ಸ್ವಚ್ಛವಾಗಿದ್ದವು, ಅವಳ ಕೆಲಸಕ್ಕೆ ಅಷ್ಟು ಸಾಕಾಯಿತು.

ವಿಜ್ಞಾನಿ ಮಾತ್ರ ಇನ್ನೂ ಎಣ್ಣೆಯ ಗ್ರಾಫನ್ನೇ ನೋಡುತ್ತಿದ್ದರು. "ಮೇಡಂ, ಇದರಲ್ಲಿ ಸೂರ್ಯಕಾಂತಿ ಎಣ್ಣೆಯೇ ಜಾಸ್ತಿ ಇದ್ದಂತಿದೆ."

"ಸರ್, ಇದರದ್ದೊಂದು ಪ್ರಿಂಟ್ ಕೊಡಿ. ಕೆಳಗೆ ನಿಮ್ಮ ಸಹಿ ಇರಲಿ," ಎಂದೆ.

"ಥೀಸಿಸ್‌ಗಾ?"

"ಅಲ್ಲ. ದೀಪಾವಳಿಗೆ ನಾದಿನಿ ಚೆಂಬೂರಿನ ನಮ್ಮ ಮನೆಗೆ ಬರ್ತಾರೆ."