ಭಾವನ ಕೂಗುಪೆಟ್ಟಿಗೆ

ನಮ್ಮ ಭಾವನಿಗೆ ಹುಚ್ಚಿರಲಿಲ್ಲ. ಮಧುಗಿರಿಯ ಪೇಟೆಬೀದಿಯ ನಟ್ಟನಡುವೆ ನಿಂತು ಯಾರ ಮುಂದೆ ಬೇಕಾದರೂ ಈ ಮಾತು ಹೇಳಲು ನಾನು ತಯಾರು. ಹುಚ್ಚು ಹಿಡಿಯುತ್ತಿದ್ದದ್ದು ಅವರ ಅಂಗಡಿಗೆ ರಿಪೇರಿಗೆ ಬರುತ್ತಿದ್ದ ರೇಡಿಯೋಗಳಿಗೆ! ಬೇರೆಯವರ ಕೈಗೆ ಹೋದ ರೇಡಿಯೋ ರಿಪೇರಿಯಾಗಿ ವಾರ್ತೆ ಓದುತ್ತಿತ್ತು, ಪೇಟೆ ಧಾರಣೆ ಹೇಳುತ್ತಿತ್ತು. ಭಾವನ ಕೈಗೆ ಬಂದದ್ದು ಬೆಕ್ಕಿನಂತೆ ಕೂಗುತ್ತಿತ್ತು, ಮಗುವಿನಂತೆ ಅಳುತ್ತಿತ್ತು, ಒಮ್ಮೊಮ್ಮೆ ನಮ್ಮ ಹಾಲಿನವಳಂತೆ ಬಾಗಿಲ ಮುಂದೆ ನಿಂತು ಜಗಳವಾಡುತ್ತಿತ್ತು. ಅದಕ್ಕೆ ಪಾಪ, ಅವರು ಏನು ಮಾಡಿಯಾರು?

ನಾನು ಅವರ ಹೆಂಡತಿಯ ತಂಗಿ. ಕೊರಟಗೆರೆಯ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆನಾದ್ದರಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮೇಷ್ಟ್ರಮ್ಮ' ಎಂದೇ ಕರೆಯುತ್ತಿದ್ದರು. ಒಂದು ಬೀದಿಗೆ ಒಂದು ರೇಡಿಯೋ ಇದ್ದರೆ ಅದೇ ದೊಡ್ಡಸ್ತಿಕೆ ಎನ್ನುತ್ತಿದ್ದ ಕಾಲದ ಮಾತಿದು.

ಎಲ್ಲ ಶುರುವಾದದ್ದು ಸಿರಾದ ಬಟ್ಟೆ ವ್ಯಾಪಾರಿ ಸಾಬರೊಬ್ಬರ ರೇಡಿಯೋದಿಂದ. ಅದು ಕುಂಯ್ಯೆಂದು ಸಿಳ್ಳೆ ಹಾಕುತ್ತದೆ ಎಂದು ರಿಪೇರಿಗೆ ಕೊಟ್ಟಿದ್ದರು. ಭಾವ ಹಿಂದಿನ ರಟ್ಟು ಬಿಚ್ಚಿ ಕೈ ಹತ್ತಿರ ತಂದರೆ ಸಿಳ್ಳೆ ಏರಿತು. ಕೈ ಹಿಂದಕ್ಕೆ ತೆಗೆದರೆ ಇಳಿಯಿತು. ಮುಟ್ಟುವುದೇ ಬೇಡ, ಗಾಳಿಯಲ್ಲಿ ಕೈಯಾಡಿಸಿದರೆ ಸಾಕು! ಇನ್ನು ಕೇಳಬೇಕೆ? ಮೂರು ದಿನ ಅಂಗಡಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ನಾಲ್ಕನೆಯ ದಿನ ಸಾಬರು ಬಂದು ನೋಡಿದರೆ, ಇವರು ರೇಡಿಯೋದ ಬೆನ್ನಿಗೆ ಮಂತ್ರ ಹಾಕುವವರಂತೆ ಕೈ ಬೀಸುತ್ತ ಕುಳಿತಿದ್ದಾರೆ.

"ಅರೆ ಭಾಯ್, ಖಬರ್ ಕೇಳಕ್ಕೆ ಅಂತ ಇಟ್ಕೊಂಡಿರೋದು ನಾನು. ನೀವು ಸೀಟಿ ಹೊಡೀತಾ ಕುಂತಿದೀರಲ್ಲ!"

"ಸಾಬ್ರೇ, ಖಬರು ದಿನಾ ಬತ್ತದೆ. ಇಂಥಾ ಸೀಟಿ ಯಾವತ್ತು ಬತ್ತದೆ ಹೇಳಿ?"

ರೇಡಿಯೋ ರಿಪೇರಿಯಾಗಿ ಸಿರಾಕ್ಕೆ ವಾಪಸು ಹೋಯಿತು. ಸಿಳ್ಳೆ ಮಾತ್ರ ಭಾವನ ತಲೆಯಲ್ಲಿ ಉಳಿದುಕೊಂಡಿತು. ಮುಂದಿನ ಎರಡು ವರ್ಷದಲ್ಲಿ ಗುಜರಿಗೆ ಹಾಕಿದ ರೇಡಿಯೋಗಳ ವಾಲ್ವು, ಮುರಿದ ಹಾರ್ಮೋನಿಯಮ್ಮೊಂದರ ಬೆರಳೊತ್ತುವ ಮನೆಗಳು, ಒಂದು ಸ್ಪೀಕರು, ಇಷ್ಟನ್ನೂ ಸೇರಿಸಿ, ಬೆಸುಗೆ ಹಾಕಿ, ಕೈ ಸುಟ್ಟುಕೊಂಡು, ಒಂದು ಮರದ ಪೆಟ್ಟಿಗೆ ಮಾಡಿದರು. ಈಗ ಇಂಥದ್ದಕ್ಕೆ ಸಿಂಥಸೈಜರ್ ಎನ್ನುತ್ತಾರಂತೆ. ಆರ್ಕೆಸ್ಟ್ರಾದವರ ಮುಂದೆ ಇರುವುದನ್ನು ನಾನೇ ಕಂಡಿದ್ದೇನೆ. ಆಗ ಮಧುಗಿರಿಯಲ್ಲಿ ಅದಕ್ಕಿದ್ದದ್ದು ಒಂದೇ ಹೆಸರು: ಕೂಗುಪೆಟ್ಟಿಗೆ.

ಪೆಟ್ಟಿಗೆಯ ಎದೆಯ ಮೇಲೆ ಆರು ತಿರುಗಿಸುವ ಗುಂಡಿಗಳು, ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಗೀಟು. ಒಂದನೆಯದು ದನಿಯನ್ನು ದಪ್ಪ ಸಣ್ಣ ಮಾಡುವುದಕ್ಕೆ. ಎರಡನೆಯದು ಸದ್ದು ದಢಕ್ಕನೆ ಬರಬೇಕೋ ಮೆಲ್ಲಗೆ ಬರಬೇಕೋ ಎನ್ನುವುದಕ್ಕೆ. ಮೂರನೆಯದು ಬಂದ ಸದ್ದು ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದಕ್ಕೆ. ನಾಲ್ಕನೆಯದು ನಡುಕ. ಐದನೆಯದು ಗರಗರ. ಆರನೆಯದು ಜೋರು. ಯಾವ ಗುಂಡಿ ಎಷ್ಟರಲ್ಲಿದ್ದರೆ ಯಾವ ಸದ್ದು ಎಂಬುದನ್ನು ಭಾವ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದೊಂದು ಸದ್ದಿಗೂ ಒಂದೊಂದು ಪುಟ. ಅದನ್ನು ಓದಿಯೇ ಸುಖಪಡಬೇಕು! 'ನಾಗಸ್ವರ.' 'ಪಾವಗಡದ ಬಸ್ಸು, ದಿಬ್ಬ ಹತ್ತುವಾಗ.' 'ಎಮ್ಮೆ, ಹಸಿದದ್ದು.' 'ಎಮ್ಮೆ, ಕರು ಕಾಣದೆ ಇದ್ದದ್ದು.' ಈ ಎರಡು ಎಮ್ಮೆಗಳಿಗೂ ನಡುಕದ ಗುಂಡಿಯಲ್ಲಿ ಮೂರು ಗೀಟಿನ ವ್ಯತ್ಯಾಸ.

ತಿದ್ದುವುದಕ್ಕೂ ಅವರದೊಂದು ಶಾಸ್ತ್ರವಿತ್ತು. ರಬ್ಬರ್ ಮುಟ್ಟುವಂತಿಲ್ಲ. ಹಳೆಯ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು.

"ಅಳಿಸ್ಬುಟ್ರೆ ಎಲ್ಲಿ ತಪ್ಪುದ್ವಿ ಅನ್ನೋದೇ ಗೊತ್ತಾಗಕಿಲ್ಲ ಕಣಮ್ಮ ಮೇಷ್ಟ್ರಮ್ಮ. ನೀವು ಮಕ್ಕಳಿಗೆ ಅದ್ನೇ ಹೇಳ್ಕೊಡಾಕಿಲ್ಲ!"

ಈ ಪೆಟ್ಟಿಗೆಯನ್ನು ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಕರೆಸಿದ್ದು ನನ್ನ ಬದುಕಿನ ದೊಡ್ಡ ಸಾಹಸ. ಪ್ರಾರ್ಥನೆಗೆ ನಾಗಸ್ವರ ನುಡಿಸುತ್ತೇನೆ ಎಂದು ಮನೆಯಲ್ಲೇ ಗುಂಡಿಗಳನ್ನೆಲ್ಲ ಸರಿಯಾಗಿ ಕೂರಿಸಿಕೊಂಡು ಭಾವ ಬಸ್ಸು ಹತ್ತಿದರು. ಆದರೆ ಮಧುಗಿರಿಯಿಂದ ಕೊರಟಗೆರೆಗೆ ಬರುವ ರಸ್ತೆಗೆ ಈ ವಿಷಯ ಗೊತ್ತಿರಬೇಕಲ್ಲ! ಬಸ್ಸು ಕುಲುಕಿದ ಕುಲುಕಿಗೆ ಗುಂಡಿಗಳು ತಮಗೆ ಬೇಕಾದ ಕಡೆ ತಿರುಗಿಕೊಂಡಿದ್ದವು. ವೇದಿಕೆಯ ಮೇಲೆ ಹೆಡ್ಮಾಸ್ತರರು ಕಣ್ಣುಮುಚ್ಚಿ ಕೈ ಮುಗಿದರು. ಭಾವ ಬೆರಳೊತ್ತಿದರು. ಕರು ಕಾಣದ ಎಮ್ಮೆ ಇಡೀ ಕೊರಟಗೆರೆಗೆ ಕೇಳುವಂತೆ ಅರಚಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಸಹಿಸುತ್ತಿದ್ದೆ. ಸ್ಕೂಲಿನ ಹಿಂದೆ ಮೇಯುತ್ತಿದ್ದ ನಿಜವಾದ ಎಮ್ಮೆಯೊಂದು ಅದಕ್ಕೆ ಉತ್ತರ ಕೊಟ್ಟಿತು! ಬರಿಯ ಉತ್ತರವಲ್ಲ, ತೋರಣವನ್ನು ಕೊಂಬಿಗೆ ಸಿಕ್ಕಿಸಿಕೊಂಡು ನೇರ ವೇದಿಕೆಗೇ ಬಂತು. ಹೆಡ್ಮಾಸ್ತರರು ಮೇಜಿನ ಮೇಲೆ, ಮಕ್ಕಳು ಬೇಲಿಯ ಮೇಲೆ. ನಾನು ನೆಲ ಬಾಯಿ ಬಿಡಬಾರದೇ ಎಂದು ನಿಂತಿದ್ದರೆ ಭಾವನ ಮುಖದಲ್ಲಿ ಹಬ್ಬ.

"ಭಾವ, ನನ್ನ ಮಾನ ಹೋಯ್ತು!"

"ಮಾನ ಇರ್ಲಿ ಬುಡು. ನಿಮ್ಮ ಹೆಡ್ಮಾಸ್ಟ್ರಿಗೆ ಸಂಗೀತ ತಿಳೀಲಿಲ್ಲ. ಎಮ್ಮೆಗೆ ತಿಳೀತು ನೋಡಮ್ಮ!"

ಹೀಗೆ ಊರು ನಕ್ಕಷ್ಟೂ ಅವರ ಪೆಟ್ಟಿಗೆ ಜೋರಾಗುತ್ತಿತ್ತು. ಭಜನೆ ಮಂಡಲಿಯವರು ಸಭೆ ಸೇರಿ, ಅಂಗಡಿಯ ಎದುರಿಗಿದ್ದ ತಮ್ಮ ಭಜನೆ ಮಂದಿರದೊಳಕ್ಕೆ ಕೂಗುಪೆಟ್ಟಿಗೆಯನ್ನು ತರಕೂಡದೆಂದು ತೀರ್ಮಾನ ಮಾಡಿದರು. ಅದನ್ನು ತಿಳಿಸಲು ಹಾರ್ಮೋನಿಯಂ ನುಡಿಸುವ ಹಿರಿಯರೇ ಅಂಗಡಿಗೆ ಬಂದರು. "ಹಾರ್ಮೋನಿಯಂ ಒಳಗೆ ಉಸುರಾಡ್ತದೆ ಕಣಯ್ಯ. ನಿನ್ನ ಪೆಟ್ಟಿಗೆ ಒಳಗೆ ಏನೈತೆ?" ಎಂದರು. ಭಾವ ಬೆಸುಗೆಯಿಂದ ತಲೆಯೆತ್ತದೆ, "ನಿಮ್ಮದ್ರೊಳಗೆ ಜಿರಲೆನೂ ಆಡ್ತವೆ ಸ್ವಾಮಿ. ಹೋದ ತಿಂಗ್ಳು ಬಿಚ್ಚಿ ಕ್ಲೀನ್ ಮಾಡ್ದೋನು ನಾನೇ" ಎಂದರು. ಮಂಡಲಿಯ ತೀರ್ಮಾನಕ್ಕೆ ಇವರ ಪ್ರತಿ ತೀರ್ಮಾನವೂ ತಕ್ಷಣ ಹೊರಬಿತ್ತು: ಪ್ರತಿ ಶನಿವಾರ ಭಜನೆ ಶುರುವಾಗುವ ಹೊತ್ತಿಗೆ ಸರಿಯಾಗಿ ಅಂಗಡಿಯ ಬಾಗಿಲು ತೆರೆದು ಪಾವಗಡದ ಬಸ್ಸನ್ನು ದಿಬ್ಬ ಹತ್ತಿಸುವುದು!

ಇಷ್ಟೆಲ್ಲ ಸದ್ದುಗದ್ದಲ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಅಕ್ಕನ ವಿಷಯ ಹೇಳಬೇಕು.

ನಮ್ಮಕ್ಕ ಸೋಬಾನೆ ಹಾಡುವುದರಲ್ಲಿ ಎತ್ತಿದ ಕೈ. ಮದುವೆಯಿದ್ದವರು ದೊಡ್ಡೇರಿಯಿಂದ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಮದುಮಗಳನ್ನು ರಂಗೋಲಿಯ ಹಸೆಮಣೆಗೆ ಕರೆಯುವ ಹಾಡನ್ನು ಅಕ್ಕ ಎತ್ತಿಕೊಂಡರೆ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಸಾಬರ ರೇಡಿಯೋ ಅಂಗಡಿಗೆ ಬರುವ ಮುಂಚೆಯೇ ಅವಳ ಗಂಟಲಲ್ಲಿ ಗಡ್ಡೆಯಾಯಿತು, ಆಪರೇಷನ್ ಆಯಿತು. ಡಾಕ್ಟರು ಮೊದಲೇ ಹೇಳಿದ್ದಂತೆ ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಬಾಣಲೆ ಕೆರೆದಂಥ ಒಂದು ಗರಗರ. ಆ ಗರಗರದಲ್ಲೇ ಅಕ್ಕ ಮೊದಲಿನಷ್ಟೇ ಖಾರವಾಗಿ ಬೈಯುತ್ತಿದ್ದಳು, ಅದರಲ್ಲಿ ಏನೂ ಕಡಿಮೆಯಾಗಲಿಲ್ಲ! ಹಾಡುವುದನ್ನು ಮಾತ್ರ ಬಿಟ್ಟುಬಿಟ್ಟಳು. ಯಾರ ಮದುವೆಗೂ ಹೋಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಮಗಳನ್ನು ಹಸೆಗೆ ಕರೆಯುವ ಹಾಡನ್ನು ತಾಯಿಯೇ ಎತ್ತಬೇಕು. ಉಳಿದ ಹೆಂಗಸರು ಆಮೇಲೆ ದನಿ ಸೇರಿಸಬೇಕು. ಅಕ್ಕ ಭಾವನಿಗೆ ಇದ್ದವಳು ಒಬ್ಬಳೇ ಮಗಳು. ಅವಳ ಮದುವೆಯ ಹೊತ್ತಿಗೆ ಅಕ್ಕನ ಹಳೆಯ ದನಿಯನ್ನು ಪೆಟ್ಟಿಗೆಯಿಂದ ಹೊರಡಿಸಿಯೇ ತೀರುತ್ತೇನೆ, ತಾಯಿಯ ದನಿಯಿಂದಲೇ ಮಗಳನ್ನು ಕರೆಸುತ್ತೇನೆ ಎಂದು ಭಾವ ಹಟ ತೊಟ್ಟಿದ್ದರು. ಎಮ್ಮೆ, ಬಸ್ಸುಗಳೆಲ್ಲ ಬರಿಯ ಅಭ್ಯಾಸ. ಪುಸ್ತಕದ ಮೊದಲನೆಯ ಪುಟದ ತಲೆಬರಹವೇ 'ಇವಳ ದನಿ.' ಆ ಪುಟದಲ್ಲಿ ಅಂಕಿಗಳಿಗಿಂತ ಗೆರೆಗಳೇ ಹೆಚ್ಚು. ತಿದ್ದಿದ್ದಾರೆ, ತಿದ್ದಿದ್ದನ್ನು ತಿದ್ದಿದ್ದಾರೆ, ಜಾಗ ಸಾಲದೆ ಚೀಟಿ ಅಂಟಿಸಿ ತಿದ್ದಿದ್ದಾರೆ. ಒಂದನ್ನು ಮಾತ್ರ ಯಾವತ್ತೂ ಮುಟ್ಟಿರಲಿಲ್ಲ. ಐದನೆಯ ಗುಂಡಿ, ಆ ಗರಗರದ ಗುಂಡಿ, ಸೊನ್ನೆ.

ಅಕ್ಕನ ಹಾಡು ಕೇಳಿದ್ದ ದೊಡ್ಡೇರಿಯ ಹೆಂಗಸರು ಸಂತೆಗೆ ಬಂದಾಗಲೆಲ್ಲ ಭಾವ ಅವರನ್ನು ಹಿಡಿದು ಕೂರಿಸಿ ಪೆಟ್ಟಿಗೆಯ ದನಿ ಕೇಳಿಸುತ್ತಿದ್ದರು. ಅವರಲ್ಲೊಬ್ಬಾಕೆ ಕಣ್ಣುಮುಚ್ಚಿ ಕೇಳಿ, "ಚೆನ್ನಾಗೈತೆ ಕಣಣ್ಣ. ಆದ್ರೆ ನಿನ್ ಹೆಂಡ್ರು ದನಿ ಅಲ್ಲ ಇದು, ನೆಗಡಿ ಆಗಿರೋ ಆಡಿನ್ ದನಿ" ಎಂದಳು. ಬೇರೆ ಯಾರಾದರೂ ಪೆಟ್ಟಿಗೆಯನ್ನು ಎತ್ತಿ ಬಾವಿಗೆ ಹಾಕುತ್ತಿದ್ದರು. ಭಾವ ಆಕೆಗೆ ಕಾಫಿ ಕೊಡಿಸಿ, "ಆಡು ಅಂದ್ರೆ ಹೆಂಗೆ? ಮೂಗಲ್ಲಿ ಬತ್ತದಾ, ಗಂಟಲಲ್ಲಿ ಬತ್ತದಾ?" ಎಂದು ಕೇಳಿ ಬರೆದುಕೊಂಡರು.

ಇಷ್ಟಕ್ಕೂ ಅಕ್ಕ ಏನನ್ನುತ್ತಿದ್ದಳು? ಒಳಗಿನಿಂದ ಪಾತ್ರೆ ಕುಕ್ಕುತ್ತಿದ್ದಳು, ಅಷ್ಟೆ. ಒಂದು ದಿನ ನಾನೇ ಕೇಳಿದೆ, "ಅಕ್ಕಾ, ನಿಂಗೆ ಆ ಹಳೇ ದನಿ ಬೇಕಾ?"

ಅಕ್ಕ ಸೊಪ್ಪು ಬಿಡಿಸುತ್ತಲೇ ಗರಗರ ಎಂದಳು: "ನನ್ನ ಕೇಳಿದ್ರೆ ತಾನೆ ಹೇಳಾದು? ನಿಮ್ ಭಾವ ಪೆಟ್ಟಿಗೆನ ಕೇಳ್ತಾರೆ, ದೊಡ್ಡೇರಿಯೋರ್ನ ಕೇಳ್ತಾರೆ, ಆಡ್ನೂ ಬೇಕಾದ್ರೆ ಕೇಳ್ತಾರೆ. ನನ್ನ ಕೇಳಿಲ್ಲ."

ನಾನು ಭಾವನಿಗೆ ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ಅವರ ಹಟ ನೋಡಿ ನನಗೂ ಹಟ ಬಂದಿತ್ತು. ನಗುವವರ ಮುಂದೆ ಈ ಪೆಟ್ಟಿಗೆ ಒಮ್ಮೆಯಾದರೂ ಗೆದ್ದೇ ಗೆಲ್ಲಲಿ ಎಂದುಕೊಂಡಿದ್ದೆ.

ಮದುವೆ ಗೊತ್ತಾಯಿತು. ಪಾವಗಡದ ಕಡೆಯ ಬೀಗರು, ಅರ್ಧ ತೆಲುಗು ಅರ್ಧ ಕನ್ನಡ. ಮದುವೆಗೆ ಮುಂಚೆಯೇ ಬಂದವರು ಚಪ್ಪರದಲ್ಲಿ ಹಸೆಮಣೆಯ ಪಕ್ಕದಲ್ಲೇ ವೈರು ಎಳೆಯುತ್ತಿದ್ದ ಭಾವನನ್ನು ಕಂಡು ಗಾಬರಿಯಾದರು.

"ಏಮಿ ಬೀಗರೇ ಇದಿ? ಮದುವೆ ಮನೇಲಿ ಮೆಷಿನ್ನಾ? ಇದು ಕೂಗೋದಾದ್ರೆ ನಮ್ಮೋರು ಯಾರೂ ಕೂತ್ಕೊಳ್ಳಲ್ಲ, ಹೇಳಿದ್ದೀನಿ!"

"ನಿಂತ್ಕೊಂಡು ಕೇಳ್ರಿ" ಎಂದರು ಭಾವ.

ಮದುವೆಯ ಬೆಳಿಗ್ಗೆ. ಹಸೆಗೆ ಕರೆಯುವ ಹೊತ್ತು. ಒಳಬಾಗಿಲಲ್ಲಿ ಮದುಮಗಳು ತಲೆತಗ್ಗಿಸಿ ನಿಂತಿದ್ದಾಳೆ. ಒಂದು ಕಡೆ ಮುಖ ಗಂಟಿಕ್ಕಿಕೊಂಡ ಬೀಗರು, ಇನ್ನೊಂದು ಕಡೆ ತಮಾಷೆ ನೋಡಲೆಂದೇ ಬಂದ ಭಜನೆ ಮಂಡಲಿ. ಭಾವ ಹೊಸ ಪಂಚೆಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತು, ಪುಸ್ತಕ ನೋಡಿ, ಆರು ಗುಂಡಿಗಳನ್ನೂ ಸರಿಮಾಡಿ, ಬೆರಳಿಟ್ಟರು. ನಿಜ ಹೇಳುತ್ತೇನೆ, ಮೊದಲನೆಯ ಸ್ವರಕ್ಕೆ ನನ್ನ ಮೈ ಜುಮ್ಮೆಂದಿತು. ಅಕ್ಕನ ಹಳೆಯ ದನಿಯ ಹತ್ತಿರ ಹತ್ತಿರಕ್ಕೆ ಬಂದಿತ್ತು!

ಆಗ ಕರೆಂಟು ಇಳಿಯತೊಡಗಿತು. ಚಪ್ಪರದ ಬಲ್ಬುಗಳು ಕೆಂಪಗಾದವು. ಅದರ ಜೊತೆಗೆ ದನಿಯೂ ಇಳಿಯಿತು. ಹೆಂಗಸಿನ ದನಿ ಗಂಡಸಿನದಾಯಿತು, ಗಂಡಸಿನದು ನಮಗೆಲ್ಲ ಚೆನ್ನಾಗಿ ಗೊತ್ತಿದ್ದ ಆ ಎಮ್ಮೆಯದಾಯಿತು, ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ಪೆಟ್ಟಿಗೆ ತೆಪ್ಪಗಾಯಿತು. ಮಂಡಲಿಯವರ ಸಾಲಿನಲ್ಲಿ ಕಿಸಕ್ಕೆಂದು ನಗು. ಬೀಗಿತ್ತಿ ತೆಲುಗಿನಲ್ಲಿ ಏನೋ ಗೊಣಗಿದರು. ಭಾವ ಒಂದೊಂದೇ ಗುಂಡಿಯನ್ನು ತಿರುಗಿಸುತ್ತಿದ್ದರು, ಸುಮ್ಮನೆ, ಸತ್ತ ಪೆಟ್ಟಿಗೆಯ ಗುಂಡಿಗಳನ್ನು. 

ಮಗಳು ಬಾಗಿಲಲ್ಲೇ ನಿಂತಿದ್ದಳು. ಯಾರೋ ಹಿರಿಯಾಕೆ, "ನಾನೇ ಎತ್ತಲೇನ್ರಮ್ಮ?" ಎಂದರು.

"ಯಾಕೆ, ಅವ್ರಮ್ಮ ಸತ್ತೋಗವ್ಳಾ?"

ಅಕ್ಕ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಸೆಮಣೆಯ ಪಕ್ಕಕ್ಕೆ ಬಂದು ನಿಂತಳು. ಬೀಗರನ್ನೊಮ್ಮೆ, ಮಂಡಲಿಯವರನ್ನೊಮ್ಮೆ ನೋಡಿದಳು, ಈಗ ನಗಿ ನೋಡೋಣ ಎನ್ನುವಂತೆ. ಹಾಡು ಎತ್ತಿಕೊಂಡಳು. ಅದು ಇಂಪಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಒರಟಾಗಿತ್ತು, ಅಲ್ಲಲ್ಲಿ ಕಿತ್ತುಹೋಗುತ್ತಿತ್ತು, ಮೇಲಿನ ಸ್ವರ ಬರುವಲ್ಲಿ ಬರಿಯ ಗಾಳಿ. ಅಕ್ಕ ನಿಲ್ಲಿಸಲಿಲ್ಲ. ಎರಡನೆಯ ನುಡಿಗೆ ದೊಡ್ಡೇರಿಯ ಹೆಂಗಸರು ದನಿ ಸೇರಿಸಿದರು. ಮೂರನೆಯದಕ್ಕೆ ಬೀಗಿತ್ತಿಯೂ ಸೇರಿಸಿದರು. ನಮ್ಮ ಹುಡುಗಿ ಅಳುತ್ತ, ನಗುತ್ತ, ಅಮ್ಮ ಕರೆದ ಹಸೆಗೆ ಬಂದಳು. ಅಡುಗೆಯವರು? ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು!

ಭಾವ ಮಾತ್ರ ತಲೆಯೆತ್ತಲಿಲ್ಲ. ಪೆಟ್ಟಿಗೆ ಸೋತಿತೆಂದು ದುಃಖಪಡುತ್ತಿದ್ದಾರೆ ಎಂದುಕೊಂಡೆ. ಮಗಳನ್ನು ಕಳಿಸಿಕೊಟ್ಟ ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಪೆಟ್ಟಿಗೆ ಮತ್ತೆ ಗೊಣಗತೊಡಗಿದಾಗ ನಾನು ಇಣುಕಿದೆ. ಅಕ್ಕ ಸ್ಟೂಲಿನ ಮೇಲೆ ಕುಳಿತಿದ್ದಳು.

"ಇನ್ನೊಂದ್ ಸಲ ಹಾಡೆ" ಎನ್ನುತ್ತಿದ್ದರು ಭಾವ. "ನಿನ್ನ ಕೇಳ್ದೆ ನಾನು ಯಾರ್ ಯಾರ್ನೋ ಕೇಳ್ಬುಟ್ಟೆ."

"ಈಗ ಬುದ್ಧಿ ಬಂತಾ?" ಎಂದು ಬೈದು ಅಕ್ಕ ಹಾಡಿದಳು.

ಈಗ ಇಬ್ಬರೂ ಇಲ್ಲ. ಪೆಟ್ಟಿಗೆ ಹುಳು ತಿಂದು ಹೋಯಿತು. ಪುಸ್ತಕ ಮಾತ್ರ ನನ್ನ ಹತ್ತಿರ ಇದೆ. ಯಾರಾದರೂ ಭಾವನಿಗೆ ಹುಚ್ಚಿತ್ತು ಎಂದರೆ ಮೊದಲನೆಯ ಪುಟವನ್ನು ತೆಗೆದು ಅವರ ಮುಖದ ಮುಂದೆ ಹಿಡಿಯುತ್ತೇನೆ. 'ಇವಳ ದನಿ.' ಅದರ ಕೆಳಗೆ ಅಷ್ಟೂ ವರ್ಷದ ಅಂಕಿಗಳು, ಎಲ್ಲದರ ಮೇಲೂ ಒಂದೊಂದು ಗೆರೆ. ಯಾವತ್ತೂ ಮುಟ್ಟದಿದ್ದ ಐದನೆಯ ಗುಂಡಿಯ ಸೊನ್ನೆಯ ಮೇಲೂ ಗೆರೆ. ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಎಂಟು. ಎಂಟರ ಕೆಳಗೆ ಭಾವನ ಕೈಬರಹದಲ್ಲಿ ಎರಡೇ ಮಾತು: 'ಇನ್ನು ತಿದ್ದಬಾರದು.'