ವಾರಕ್ಕೊಮ್ಮೆ ಸಾಯುವ ಘಟಸರ್ಪಕ್ಕೆ, ಜೂರಾಕನಳ ಮಾಡಿನ ವಿಷಯವಾಗಿ

ಮಹಾಮಹಿಮ ಘಟಸರ್ಪದ ಸನ್ನಿಧಾನಕ್ಕೆ,
ಹಿಮಕೋಟೆ, ಏಳನೆಯ ಬಾಗಿಲು, ಕಂಪ್ಯೂಟರ್ ಆಟದ ಒಳಗೆ.

ಮಾನ್ಯರೇ,

ತಮ್ಮ ಮೂರು ತಲೆಗಳಿಗೂ ಬೇರೆ ಬೇರೆಯಾಗಿ ನನ್ನ ಸಲಾಮು. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲದಿದ್ದರೂ ಬರುವ ಶನಿವಾರದೊಳಗೆ ಎದ್ದು ಕೂರುತ್ತೀರೆಂದು ಬಲ್ಲೆ. ಇದೇ ಅಕ್ಟೋಬರ್ ಹನ್ನೆರಡರ ಶನಿವಾರ, ಬೆಳಗ್ಗೆ ಹತ್ತು ಗಂಟೆಗೆ, ತಾವು ನಮ್ಮೂರಿನ ಹನ್ನೊಂದು ಜನ ಗಂಡಾಳುಗಳನ್ನು ತಮ್ಮ ಕೊಲೆಗೆಂದು ಕರೆಸಿಕೊಂಡಿರಿ. ಅದೇ ಗಳಿಗೆಯಲ್ಲಿ ಅವರು ನನ್ನ ತಂಗಿ ಜೂರಾಕನಳ ಮನೆಯ ಮೇಲೆ ಸುತ್ತಿಗೆ ಹಿಡಿದು ಕೂತಿರಬೇಕಿತ್ತು. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ತಮ್ಮ ಹೊಗಳಿಕೆ.

ಸೆಪ್ಟೆಂಬರಿನ ಗಾಳಿ ಜೂರಾಕನಳ ಮಾಡನ್ನು ಕಿತ್ತು ಹೊಳೆಯಾಚೆಯ ಹುಲ್ಲುಗಾವಲಿಗೆ ಎಸೆಯಿತು. ಗಂಡನನ್ನು ಕಳೆದುಕೊಂಡವಳು, ಈಗ ಒಂದು ಕೋಣೆಯ ಮೇಲೆ ಟಾರ್ಪಾಲು ಬಿಗಿದುಕೊಂಡು ಮಲಗುತ್ತಾಳೆ. ನಮ್ಮ ನಾರಿನ್ ಕಣಿವೆಗೆ ನವೆಂಬರ್ ಬರಿಗೈಯಲ್ಲಿ ಬಂದದ್ದನ್ನು ನಾನಂತೂ ಕಂಡಿಲ್ಲ, ಹಿಮ ಹೊತ್ತುಕೊಂಡೇ ಬರುತ್ತದೆ. ಅದಕ್ಕೇ ಅಶಾರ್ ಕರೆದೆ. ಊರಿಗೆ ಊರೇ ಕೂಡಿ ಒಬ್ಬರ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿಕೊಡುವ ಮುಯ್ಯಾಳು ಅದು. ಕೂಲಿಯಿಲ್ಲ, ಹೊಟ್ಟೆ ತುಂಬ ಊಟ. ಎಪ್ಪತ್ತೊಂದನೆಯ ಇಸವಿಯಲ್ಲಿ ನಮ್ಮಪ್ಪನ ಲಾಯ ಬೆಳಗ್ಗೆ ಬರೀ ನಾಲ್ಕು ಗೋಡೆಯಾಗಿತ್ತು, ಸಂಜೆ ಅದರೊಳಗೆ ಕುದುರೆ ಕಟ್ಟಿದೆವು. ಆವತ್ತು ಯಾರು ಎಷ್ಟು ಬಟ್ಟಲು ಸಾರು ಕುಡಿದರೆಂದು ನಾನು ಇವತ್ತಿಗೂ ಹೇಳಬಲ್ಲೆ.

ಹನ್ನೆರಡರ ಹಿಂದಿನ ದಿನ ಮನೆಮನೆಗೂ ಹೋಗಿ ಕರೆದಿದ್ದೆ. ಹಿರಿಯನೊಬ್ಬ ಬಾಗಿಲಲ್ಲಿ ನಿಂತು ಕರೆದರೆ ಇಲ್ಲವೆನ್ನುವ ನಾಲಗೆ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ‘ಬರ್ತೀನಿ ಮೇಷ್ಟ್ರೇ’ ಅಂದರು. ತಮಗೂ ಅದನ್ನೇ ಅಂದಿದ್ದರೆಂದು ಆಮೇಲೆ ತಿಳಿಯಿತು. ಕೊನೆಗೆ ಏಣಿಯ ಬುಡದಲ್ಲಿ ನಿಂತವರು ನಾನು ಮತ್ತು ಎಪ್ಪತ್ತೆಂಟು ವರ್ಷದ, ಕಿವಿ ಕೇಳದ ಸೂಯುನ್‌ಬಾಯ್. ಇಡೀ ಕುರಿ ಬೆಂದು ಕಾಯುತ್ತಿತ್ತು. ಸೂಯುನ್‌ಬಾಯ್ ಕಡಾಯಿಯನ್ನೂ ಖಾಲಿ ಅಂಗಳವನ್ನೂ ನೋಡಿ, “ತೀರ್ಕೊಂಡೋರು ಯಾರಪ್ಪ? ಅಳೋಕೂ ಒಬ್ರು ಬಂದಿಲ್ವಲ್ಲ” ಎಂದು ಕೇಳಿದ.

ಕೋಪ ಬಂದಾಗ ಓದುವುದು ನನ್ನ ಚಟ. ಜಿಲ್ಲಾ ಗ್ರಂಥಾಲಯದ ಮನಶ್ಶಾಸ್ತ್ರದ ಪುಸ್ತಕವೊಂದರಲ್ಲಿ ಪಾರಿವಾಳಗಳ ಪ್ರಸಂಗವಿದೆ: ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಹೊಟ್ಟೆ ತುಂಬಿದ ಹಕ್ಕಿ ಸುಮ್ಮನಾಗುತ್ತದೆ, ಯಾವಾಗ ಬೀಳುತ್ತದೆಂದು ಗೊತ್ತಾಗದಿದ್ದರೆ ಕೊಕ್ಕು ಸವೆಯುವ ತನಕ ಕುಕ್ಕುತ್ತದೆ. ಸತ್ತ ತಮ್ಮ ಹೊಟ್ಟೆಯಿಂದ ಬಂಗಾರದ ಕತ್ತಿ ಯಾವ ಶನಿವಾರ ಉದುರುತ್ತದೆಂದು ತಾವೂ ಯಾರಿಗೂ ಹೇಳಿಲ್ಲವಂತೆ. ಎಂಥ ಪಾಂಡಿತ್ಯ! ಮೂವತ್ತೆಂಟು ವರ್ಷ ಭೂಗೋಳ ಪಾಠ ಮಾಡಿದ ನಾನು ಎಲ್ಲ ನದಿಗಳ ಹೆಸರನ್ನೂ ಮೊದಲ ವಾರವೇ ಹೇಳಿ ಕೆಟ್ಟೆ.

ಆದರೆ ಹಕ್ಕಿಯ ಕಥೆ ಅರ್ಧ ಮಾತ್ರ. ಉಳಿದರ್ಧ ತಿಳಿದದ್ದು ನನ್ನ ತಮ್ಮನ ಮಗ ಮೆಲಿಸ್‌ನನ್ನು ಬೈಯಲು ಹೋದಾಗ. ಮೂವತ್ತನಾಲ್ಕು ವರ್ಷದವನು, ಇಬ್ಬರು ಮಕ್ಕಳ ತಂದೆ, ಕೆಲಸಕ್ಕೆ ಹೋದ ರಷ್ಯಾದಿಂದ ಕಾಗದ ಸರಿಯಿಲ್ಲವೆಂದು ವಾಪಸು ಕಳಿಸಲ್ಪಟ್ಟವನು. ತಮ್ಮ ರಾಜ್ಯದಲ್ಲಿ ಅವನು ವೈದ್ಯ. ತಾವು ಸುಟ್ಟವರನ್ನು ಎಬ್ಬಿಸಿ ನಿಲ್ಲಿಸುವವನು. ಜೂರಾಕನ್ ಅತ್ತೆಯ ಮಾಡಿಗಿಂತ ಆ ಹಾವು ಹೆಚ್ಚಾಯಿತೇನೋ ಎಂದು ನಾನು ಕೇಳಿದೆ. ಅವನು ತಲೆಯೆತ್ತದೆ ಹೇಳಿದ: “ಅಲ್ಲಿ ನಾನು ಹೋಗ್ದಿದ್ರೆ ನಮ್ಮೂರೋರು, ಹೊರಗಿನೋರು ಸೇರಿ ಹದಿನೈದು ಜನ ಸಾಯ್ತಾರೆ ದೊಡ್ಡಪ್ಪ. ಇಲ್ಲಿ ಹೋದ ವರ್ಷ ಅಶಾರ್‌ಗೆ ಬಂದಿದ್ದೆ. ಎಲ್ಲರ ಮುಂದೆ ನೀವೇನಂದ್ರಿ, ನೆನಪಿದ್ಯಾ?”

ನೆನಪಿರಲಾರದೇ? ‘ಏಣಿ ಹಿಡ್ಕೊಂಡು ನಿಂತ್ಕೊ, ನಿನ್ನಿಂದ ಅಷ್ಟಾದ್ರೆ ಸಾಕು’ ಅಂದಿದ್ದೆ. ಎಲ್ಲರೂ ನಕ್ಕಿದ್ದರು, ನಾನು ಸ್ವಲ್ಪ ಹೆಚ್ಚಾಗಿಯೇ. ರಷ್ಯಾದ ಕಥೆಯನ್ನೂ ವರ್ಷಕ್ಕೆ ನಾಲ್ಕು ಸಲವಾದರೂ, ಬೇರೆಯವರು ಮರೆಯದಿರಲೆಂದು, ನಾನೇ ಹೇಳುತ್ತಿರುತ್ತೇನೆ. ಮಾನ್ಯರೇ, ತಮ್ಮ ರಾಜ್ಯದಲ್ಲಿ ಸೋತವನು ಕೋಟೆಯ ಬಾಗಿಲಲ್ಲಿ ಮತ್ತೆ ಹೊಚ್ಚ ಹೊಸದಾಗಿ ಹುಟ್ಟುತ್ತಾನೆ, ಅವನು ಹೇಗೆ ಸತ್ತನೆಂದು ಯಾವ ಮೇಷ್ಟ್ರೂ ಆಡಿಕೊಳ್ಳುವುದಿಲ್ಲ. ಒಂದು ಗಿಡಮೂಲಿಕೆ ಕಿತ್ತರೂ ಕಹಳೆ ಊದುತ್ತಾರೆ, ಮಾಡಿದ ಕೆಲಸ ಎಷ್ಟಾಯಿತೆಂದು ಹಸಿರು ಗೆರೆಯೊಂದು ಕಣ್ಣೆದುರೇ ಉದ್ದವಾಗುತ್ತದೆ. ನಮ್ಮಲ್ಲಿ ಅಶಾರ್‌ಗೆ ಬಂದವನಿಗೆ ಉಪಕಾರವಾಯಿತೆಂದು ಹೇಳಿದರೆ ಅವನನ್ನು ಕೂಲಿಯವನೆಂದು ಕರೆದಂತೆ. ಈ ದೊಡ್ಡತನದಿಂದ ನಾವು ನೂರಾರು ವರ್ಷ ಯಾರನ್ನೂ ಹೊಗಳದೆ ಬದುಕಿದ್ದೇವೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತಮ್ಮ ರಾಜ್ಯದಲ್ಲಿ ಕೆಲಸ ಕೊಡುವ ಮುದುಕರ ತಲೆಯ ಮೇಲೆ ತಾವು ತೇಲಿಸುವ ಹಳದಿ ಗುರುತನ್ನು ಜೂರಾಕನಳ ಹೊಗೆಕೊಳವೆಯ ಮೇಲೂ ತೇಲಿಸಬೇಕು. ಮೊಳೆಯೊಂದು ನೆಟ್ಟಗೆ ಕೂತಾಗಲೆಲ್ಲ ಕಣಿವೆಗೆ ಕೇಳುವಂತೆ ಕಹಳೆ ಊದಿಸಬೇಕು. ಅಶಾರ್‌ನ ದಿನ ನನ್ನ ಜ್ಞಾಪಕಶಕ್ತಿಯನ್ನು ತಾವೇ ನುಂಗಿ, ಸಂಜೆ ಉಗುಳಬೇಕು. ಮತ್ತು ಇದೇ ಇಪ್ಪತ್ತಾರರ ಶನಿವಾರ, ಒಂದು ದಿನದ ಮಟ್ಟಿಗೆ, ಸತ್ತೇ ಇರಬೇಕು.

ಏಕೆಂದರೆ ಆವತ್ತು ಮತ್ತೆ ಅಶಾರ್ ಇದೆ. ಈ ಸಲವೂ ಮನೆಮನೆಗೆ ಹೋದೆ. ಆದರೆ ‘ಬಾ’ ಅಂತಷ್ಟೇ ಅನ್ನದೆ, ಅವನಿಲ್ಲದೆ ಯಾವ ಕೆಲಸ ನಿಲ್ಲುತ್ತದೆಂದು ಒಬ್ಬೊಬ್ಬನಿಗೂ ಬಿಡಿಸಿ ಹೇಳಿದೆ. ಹೀಗೆ ಹೇಳುವುದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಬಲು ಕಷ್ಟದ ವಿದ್ಯೆ. ಮಾಡಿನ ನೆತ್ತಿಯ ಶೀಟುಗಳನ್ನು ಕೂರಿಸುವ ಕೆಲಸ ಮೆಲಿಸ್‌ನದು. ಅದನ್ನು ಕೂರಿಸದಿದ್ದರೆ ಉಳಿದದ್ದೆಲ್ಲ ಸೋರುತ್ತದೆಂದೂ, ಏಣಿಯನ್ನು ನಾನೇ ಹಿಡಿಯುತ್ತೇನೆಂದೂ ಹೇಳಿದೆ. ಅವನು ‘ಬರ್ತೀನಿ’ ಅಂದ. ನಮ್ಮೂರಲ್ಲಿ ಆ ಮಾತಿಗೆ ಎಷ್ಟು ಬೆಲೆಯೆಂದು ತಮಗೂ ನನಗೂ ಗೊತ್ತು.

ಆದ್ದರಿಂದ, ತಮಗೆ ಮೆಲಿಸ್ ಬೇಕೇ, ಅಥವಾ ಶನಿವಾರ ಬರುವ ಯಾರಾದರೂ ನಡೆಯುತ್ತದೆಯೇ? ಹಿಮಕೋಟೆಯ ಏಳನೆಯ ಬಾಗಿಲಲ್ಲಿ, ಎಲ್ಲ ಯೋಧರೂ ನೆರೆದಿರುವಾಗ, ಮೂರೂ ಬಾಯಿಂದ ಒಂದೇ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇನೆ.

ತಮ್ಮ ವಿಶ್ವಾಸಿ,
ತುರ್ದುಕುಲ್ ಇಮಾಶೊವ್
ನಿವೃತ್ತ ಭೂಗೋಳ ಶಿಕ್ಷಕ

ಮರೆತ ಮಾತು: ಈ ಪತ್ರವನ್ನು ಖುದ್ದಾಗಿ ತಲುಪಿಸಲು ಭಾನುವಾರ ತಮ್ಮ ರಾಜ್ಯಕ್ಕೆ ಕಾಲಿಟ್ಟೆ. ಒಂದೇ ಉಸಿರಿಗೆ ತಾವು ನನ್ನನ್ನು ಬೂದಿ ಮಾಡಿದಿರಿ. ಯಾರೋ ವೈದ್ಯ ಬಂದು, ನಾನು ಯಾರೆಂದು ತಿಳಿಯದೆ ಎಬ್ಬಿಸಿ, “ಹೆದರ್ಬೇಡಿ, ಮೊದಲ್ನೇ ಸಲ ಎಲ್ರೂ ಸಾಯ್ತಾರೆ” ಎಂದು ಬರೆದ. ನನಗೆ ಅಷ್ಟು ಮೆತ್ತಗೆ ಮಾತಾಡಿದವರು ಈಚೆಗೆ ಯಾರೂ ಇಲ್ಲ. ಅಂದಿನಿಂದ ದಿನವೂ ಹೋಗುತ್ತಿದ್ದೇನೆ, ಉತ್ತರ ಬಂತೇ ಎಂದು ನೋಡಲು ಮಾತ್ರ. ಏಳು ದಿನ ತಪ್ಪದೆ ಹಾಜರಿ ಹಾಕಿದವರಿಗೆ ಬಿಳಿ ಕುದುರೆಯೊಂದನ್ನು ಕೊಡುತ್ತೀರಂತೆ. ನನ್ನ ಲಾಯದಲ್ಲಿ ಮೂರು ಕುದುರೆಗಳಿವೆ, ಬಿಳಿಯದಿಲ್ಲ. ಕೊಡುವುದು ಏಳನೆಯ ದಿನ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಾತ್ರವಂತೆ. ಲೆಕ್ಕ ಹಾಕಿದೆ, ಅದು ಅದೇ ಇಪ್ಪತ್ತಾರರ ಶನಿವಾರ ಬೀಳುತ್ತದೆ. ಆ ಒಂದು ಗಂಟೆ ಏಣಿ ಹಿಡಿಯುವವರು ಯಾರೆಂಬುದಕ್ಕೂ ತಾವು ಅಲ್ಲಿಯೇ, ಎಲ್ಲರೆದುರು, ಉತ್ತರ ಹೇಳಬೇಕು.